ನಿಮಗಿದು ಗೊತ್ತೆ? ಬಾವುಟಕ್ಕಾಗಿ ಜೈಲು, ಚಿನ್ನದ ಗಣಿಗೆ ಕರೆಂಟು

ಮಂಡ್ಯ ಜಿಲ್ಲೆಗಿಂತ ಅದರ ಊರುಗಳ ಕಥೆ ಬಹಳ ಹಳೆಯದು. ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರ ಜುಲೈ 1ರಂದು. ಅದರ ಹಿಂದಿನ ವರ್ಷವೇ ಮದ್ದೂರಿನ ಶಿವಪುರ ನಾಡಿನ ಗಮನ ಸೆಳೆದಿತ್ತು. ಮೈಸೂರು ಸಂಸ್ಥಾನದಲ್ಲಿ ತ್ರಿವರ್ಣ ಬಾವುಟ ಹಾರಿಸಲು ನಿರ್ಬಂಧವಿದ್ದ ಕಾಲ. 1938ರ ಏಪ್ರಿಲ್‌ನಲ್ಲಿ ಶಿಂಷಾ ನದಿಯ ಬಳಿ ಸಾವಿರಾರು ಜನ ಸೇರಿದರು. ಮೈಸೂರು ಕಾಂಗ್ರೆಸ್ ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ಬಾವುಟ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳು ಗೌರಿಬಿದನೂರಿನ ವಿದುರಾಶ್ವತ್ಥದಲ್ಲೂ ಜನ ಬಾವುಟ ಹಿಡಿದು ಸೇರಿದರು. ಅಲ್ಲಿ ಗುಂಡು ಹಾರಿತು. ಶಿವಪುರದ ಸತ್ಯಾಗ್ರಹ ಸೌಧ ಆ ದಿನಗಳ ಸ್ಮಾರಕ. ಬೆಂಗಳೂರು–ಮೈಸೂರು ನಡುವೆ ಓಡಾಡುವವರು ಮದ್ದೂರು ವಡೆಗೆ ನಿಲ್ಲುವಂತೆ ಇಲ್ಲಿಯೂ ಹತ್ತು ನಿಮಿಷ ನಿಲ್ಲಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ಎಂದರೆ ಜಲಪಾತವಷ್ಟೇ ಅಲ್ಲ. ಸ್ಥಳೀಯರು ಇಂದಿಗೂ ‘ಬ್ಲಫ್’ ಎನ್ನುವ ಕಡೆ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ 1902ರಲ್ಲಿ ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಬೆಳಗಿದ್ದು ಆಮೇಲೆ, 1905ರಲ್ಲಿ. ಮಳವಳ್ಳಿಯ ಹೆಸರು ಯುದ್ಧಚರಿತ್ರೆಯಲ್ಲೂ ಇದೆ: 1799ರ ಮಾರ್ಚ್‌ನಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿ ಬ್ರಿಟಿಷರನ್ನು ಎದುರಿಸಿತು.

ಮಂಡ್ಯ ನಗರದ ಗುರುತು ಮೈಷುಗರ್ ಸಕ್ಕರೆ ಕಾರ್ಖಾನೆ. ಕೆಆರ್‌ಎಸ್ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು ಒಣಭೂಮಿಯಲ್ಲಿ ಕಬ್ಬು ಬೆಳೆಯತೊಡಗಿದಾಗ, 1933ರಲ್ಲಿ ಸ್ಥಾಪನೆಯಾದ ಕಂಪನಿಯಿದು. ಇದರ ಹಿಂದೆ ದುಡಿದವರು ಕೆನಡಾ ಮೂಲದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ದೂರದೇಶದ ಆ ಮನುಷ್ಯನನ್ನು ಮಂಡ್ಯದ ರೈತರು ಇನ್ನೂ ನೆನೆಯುತ್ತಾರೆ.