ಬಯೋಡೇಟಾ: ಒಂದು ಹಾಳೆಯಲ್ಲಿ ನಿಮ್ಮ ಪರಿಚಯ



ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆ ಇರಲಿ, ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರ ಇರಲಿ, ಚಿತ್ತಾಪುರ, ಚಿಂಚೋಳಿಯ ಶಾಲೆ, ಆಸ್ಪತ್ರೆ ಇರಲಿ, ಕೆಲಸ ಕೇಳಲು ಹೋದರೆ "ಬಯೋಡೇಟಾ ತಂದೀರೇನು?" ಅಂತಾರೆ. ಪಿಯುಸಿ ಮುಗಿಸಿದ ಮಗಳು ಝೆರಾಕ್ಸ್ ಅಂಗಡಿಯ ಹಳೇ ನಮೂನೆಯಲ್ಲಿ ಹೆಸರಷ್ಟೇ ಬದಲಿಸಿ ಕೊಟ್ಟು ಬರುತ್ತಾಳೆ. ಹತ್ತು ಮಂದಿಯ ಹಾಳೆ ಒಂದೇ ತರಹ ಇದ್ದರೆ ಕರೆಯುವವರು ಯಾರನ್ನು ಕರೆಯಬೇಕು?

ಏನೇನು ಬರೆಯಬೇಕು?

1. ಹೆಸರು, ವಿಳಾಸ, ಫೋನ್ ನಂಬರ್. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಆಧಾರ್‌ನಲ್ಲಿ ಬೇರೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ. ಸದಾ ಚಾಲೂ ಇರುವ ನಂಬರ್ ಕೊಡಿ.
2. ವಿದ್ಯಾಭ್ಯಾಸ. ಇತ್ತೀಚಿನದು ಮೊದಲು, ಶಾಲೆ, ವರ್ಷ, ಅಂಕ.
3. ಕೆಲಸದ ಅನುಭವ.
4. ಬರುವ ಭಾಷೆಗಳು: ಕನ್ನಡ, ಹಿಂದಿ, ಉರ್ದು, ತೆಲುಗು. ನಮ್ಮ ಗಡಿ ಭಾಗದಲ್ಲಿ ಇದು ದೊಡ್ಡ ಆಸ್ತಿ.
5. ಕೊನೆಗೆ ದಿನಾಂಕ, ಸಹಿ.

ಒಂದು ಹಾಳೆ ಸಾಕು. ಕೇಳಿರುವ ಕೆಲಸಕ್ಕೆ ಬೇಕಾದದ್ದನ್ನು ಮೇಲೆ ಬರೆಯಿರಿ.

"ನನಗೇನೂ ಅನುಭವ ಇಲ್ಲ" ಅನ್ನಬೇಡಿ

ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಆರಂಭವಾಯಿತು. ಅಂದಿನಿಂದ ಎಷ್ಟೋ ಹೆಣ್ಣುಮಕ್ಕಳು ಸಂಘದ ಠರಾವು ಪುಸ್ತಕ, ನಗದು ಪುಸ್ತಕ ಬರೆದಿದ್ದಾರೆ. ಬ್ಯಾಂಕಿಗೆ ಹೋಗಿ ಸಾಲದ ಮಾತು ಆಡಿದ್ದಾರೆ. ಇದು ಅನುಭವವಲ್ಲದೆ ಮತ್ತೇನು? "ಸಂಘದಲ್ಲಿದ್ದೆ" ಎಂದು ಬಿಡಬೇಡಿ. "4 ವರ್ಷ 15 ಸದಸ್ಯೆಯರ ಸಂಘದ ಉಳಿತಾಯ ಮತ್ತು ಸಾಲದ ಲೆಕ್ಕ ಬರೆದಿದ್ದೇನೆ" ಎಂದು ಎಣಿಕೆ ಸಮೇತ ಬರೆಯಿರಿ. ಹೊಲಿಗೆ, ಅಡುಗೆ, ಕಂಪ್ಯೂಟರ್ ತರಬೇತಿ ಪಡೆದಿದ್ದರೆ ಎಷ್ಟು ತಿಂಗಳು ಎಂದು ತಿಳಿಸಿ. ಆದರೆ ಮಾಡದ್ದನ್ನು ಬರೆಯಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಸರ್ಕಾರಿ ಕೆಲಸಕ್ಕೆ

ಇಲ್ಲಿ ಬಯೋಡೇಟಾ ಸಾಲದು, ನಿಗದಿತ ಅರ್ಜಿಯೇ ಬೇಕು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರಂತೆ ನಮ್ಮ ಭಾಗದ ಸ್ಥಳೀಯ ಹುದ್ದೆಗಳಲ್ಲಿ 'ಸಿ' ಗುಂಪಿಗೆ ಶೇ. 80, 'ಡಿ' ಗುಂಪಿಗೆ ಶೇ. 85 ಮೀಸಲು ನಮ್ಮವರಿಗಿದೆ. ಇದಕ್ಕೆ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿ ಕರೆದ ಮೇಲೆ ಓಡಾಡುವ ಬದಲು ಈಗಲೇ ಮಾಡಿಸಿಟ್ಟುಕೊಳ್ಳಿ.

ಎಚ್ಚರ!

ಬಯೋಡೇಟಾ ಜೊತೆ ಝೆರಾಕ್ಸ್ ಪ್ರತಿ ಮಾತ್ರ ಕೊಡಿ. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತನ್ನಿ. ಬ್ಯಾಂಕ್ ಪಾಸ್‌ಬುಕ್ ನಂಬರ್, ಓಟಿಪಿ ಯಾರಿಗೂ ಹೇಳಬೇಡಿ. "ಇಷ್ಟು ರೊಕ್ಕ ಕೊಡ್ರಿ, ಕೆಲಸ ಕೊಡಿಸ್ತೀನಿ" ಅನ್ನುವವರಿಗೆ ಸಂಘದ ಸಾಲ ಎತ್ತಿ ಕೊಡಬೇಡಿ. ಕೆಲಸ ಬರದಿದ್ದರೂ ಕಂತು ಮಾತ್ರ ತಪ್ಪುವುದಿಲ್ಲ.

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ಒಂದು ಬಿಳಿ ಹಾಳೆ, ಪೆನ್ನು ತನ್ನಿ. ಬರೆಯಲು ಬರುವವರು ಬಾರದವರ ಪಕ್ಕ ಕೂತು ಬರೆದುಕೊಡಲಿ. ಮಗಳದ್ದನ್ನು ಬರೆಸುವಾಗ ನಿಮ್ಮದನ್ನೂ ಬರೆಸಿರಿ.