ಒಂದೆಲಗ, ಓಟ ಮತ್ತು ಇಲಿಯ ಮಿದುಳು

ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಡೋಪಮೈನ್, ಸೆರೊಟೋನಿನ್, ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಮೊದಲಾದ ನರವಾಹಕ ರಾಸಾಯನಿಕಗಳ ಮೂಲಕ. ಗಿಡಮೂಲಿಕೆಯೊಂದು ಇವುಗಳ ಮಟ್ಟವನ್ನು ಬದಲಿಸಬಲ್ಲದು ಎಂಬುದಕ್ಕೆ ಗಟ್ಟಿ ಸಾಕ್ಷಿ ಸರ್ಪಗಂಧ. ಅದರ ಬೇರಿನಿಂದ 1952ರಲ್ಲಿ ರಿಸರ್ಪೀನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಲಾಯಿತು. ನರಕೋಶಗಳು ತಮ್ಮ ಸೂಕ್ಷ್ಮ ಚೀಲಗಳಲ್ಲಿ ಡೋಪಮೈನ್, ಸೆರೊಟೋನಿನ್‌ಗಳನ್ನು ತುಂಬಿಟ್ಟುಕೊಳ್ಳದಂತೆ ಅದು ತಡೆಯುತ್ತದೆ. ಚೀಲದ ಹೊರಗೆ ಉಳಿದದ್ದು ಒಡೆದು ನಾಶವಾಗುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರಿಸರ್ಪೀನ್ ಕೊಟ್ಟ ಮೊಲಗಳು ಅಲುಗಾಡದೆ ಬಿದ್ದುಕೊಂಡವು. ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಡುವ ಎಲ್-ಡೋಪಾ ಚುಚ್ಚಿದಾಗ ಅವು ಮತ್ತೆ ಚುರುಕಾದವು. 1957ರ ಈ ಪ್ರಯೋಗ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ಮಾಡಿತು. ಕಾರ್ಲ್‌ಸನ್ 2000ದ ನೊಬೆಲ್ ಪ್ರಶಸ್ತಿಗೆ ಪಾಲುದಾರರಾದರು.

ನೆನಪಿನ ಶಕ್ತಿಗೆಂದು ಕರಾವಳಿ, ಮಲೆನಾಡಿನ ಮನೆಗಳಲ್ಲಿ ತಂಬುಳಿ ಮಾಡುವ ಒಂದೆಲಗದ ಕೆಲಸ ಇಷ್ಟು ನೇರವಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಕೆ. ನಳಿನಿ ಮತ್ತು ಸಂಗಡಿಗರು ಅದರ ಹಸಿ ಎಲೆಯ ಸಾರವನ್ನು ಬಿಳಿ ಇಲಿಗಳಿಗೆ ಕೊಟ್ಟು ನೋಡಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಲಿಗಳ ಕಲಿಕೆ, ನೆನಪು ಸುಧಾರಿಸಿದ್ದವು. ಆದರೆ ಮಿದುಳಿನ ಡೋಪಮೈನ್, ಸೆರೊಟೋನಿನ್, ನಾರ್‌ಅಡ್ರಿನಲಿನ್ ಮೂರೂ ಏರುವ ಬದಲು ಇಳಿದಿದ್ದವು! ಸೆರೊಟೋನಿನ್ ಹೆಚ್ಚಿದಷ್ಟೂ ಮಿದುಳಿಗೆ ಒಳ್ಳೆಯದು ಎಂಬ ಜಾಹೀರಾತಿನ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ. ಅದೇ ಮಣಿಪಾಲದಲ್ಲಿ ಶಂಖಪುಷ್ಪದ ಬೇರಿನ ಸಾರ ಕೊಟ್ಟ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪು ರೂಪುಗೊಳ್ಳುವ ಭಾಗದಲ್ಲಿ, ಅಸಿಟೈಲ್‌ಕೋಲಿನ್ ಏರಿದ್ದು 2002ರಲ್ಲಿ ವರದಿಯಾಯಿತು. ಒಂದು ಗಿಡ ಇಳಿಸಿತು, ಇನ್ನೊಂದು ಏರಿಸಿತು. ನೆನಪಿಗೆ ಒಂದೇ ರಾಸಾಯನಿಕದ ಕೀಲಿಯಿಲ್ಲ.

ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಜನ ಬ್ರಾಹ್ಮಿಯೆಂದೇ ಕರೆಯುತ್ತಾರಾದರೂ ಇವು ಸಂಬಂಧವಿಲ್ಲದ ಎರಡು ಸಸ್ಯಗಳು. ನೀರುಬ್ರಾಹ್ಮಿಯ ಮೇಲೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಕೆಲಸ ನಡೆಯಿತು. ಡೋಪಮೈನ್ ನರಕೋಶಗಳನ್ನು ಕೆಡಿಸುವ ರೋಟಿನೋನ್ ಎಂಬ ಕೀಟನಾಶಕ ತಿಂದ ಹಣ್ಣುನೊಣಗಳಲ್ಲಿ ಡೋಪಮೈನ್ ಕುಸಿಯುತ್ತದೆ. ಆಹಾರದಲ್ಲಿ ನೀರುಬ್ರಾಹ್ಮಿ ಬೆರೆಸಿದಾಗ ಈ ಕುಸಿತ ತಗ್ಗಿತೆಂದು 2009ರ ಪ್ರಬಂಧವೊಂದು ಹೇಳುತ್ತದೆ.

ವ್ಯಾಯಾಮದ ದಾರಿ ಬೇರೆ. ಕ್ಯಾಲಿಫೋರ್ನಿಯಾದ ಇರ್ವಿನ್‌ನಲ್ಲಿ ಕಾರ್ಲ್ ಕಾಟ್‌ಮನ್ ತಂಡ ಇಲಿಗಳ ಪಂಜರದಲ್ಲಿ ಓಟದ ಚಕ್ರವಿಟ್ಟಿತು. ರಾತ್ರಿಯೆಲ್ಲ ತಾವಾಗಿಯೇ ಓಡಿದ ಇಲಿಗಳಲ್ಲಿ ಬಿಡಿಎನ್‌ಎಫ್ ಎಂಬ ನರಪೋಷಕ ಪ್ರೋಟೀನಿನ ತಯಾರಿಗೆ ಬೇಕಾದ ಆರ್‌ಎನ್‌ಎ ಕೆಲವೇ ದಿನಗಳಲ್ಲಿ ಹೆಚ್ಚಿತು. ಚಲನೆಯನ್ನು ನಿಯಂತ್ರಿಸುವ ಭಾಗಗಳಿಗಷ್ಟೇ ಸೀಮಿತವಾಗದೆ ಹಿಪೊಕ್ಯಾಂಪಸ್‌ನಲ್ಲೂ ಈ ಏರಿಕೆ ಕಂಡದ್ದು 1995ರ ಅಚ್ಚರಿ. ನಾಲ್ಕು ವರ್ಷಗಳ ಬಳಿಕ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು, ಓಡುವ ಸುಂಡಿಲಿಗಳಲ್ಲಿ ಅದೇ ಭಾಗದಲ್ಲಿ ಹೊಸ ನರಕೋಶಗಳು ಹೆಚ್ಚು ಹುಟ್ಟುತ್ತವೆಂದು ತೋರಿಸಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಆಶಾದೇವಿಯವರ ತಂಡ ಮುದಿಯಾಗುವ ಇಲಿಗಳಿಗೆ ಈಜು ಕಲಿಸಿ, ಜೊತೆಗೆ ವಿಟಮಿನ್ ಇ ಕೊಟ್ಟು, ಮಿದುಳಿನ ಉತ್ಕರ್ಷಣ ಹಾನಿ ಹಾಗೂ ಅದನ್ನು ತಡೆಯುವ ಕಿಣ್ವಗಳನ್ನು ಅಳೆಯಿತು.

ಚಕ್ರದ ಓಟವನ್ನೂ ಈಜನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಚಕ್ರ ಹತ್ತುವುದು ಇಲಿಯ ಇಷ್ಟ. ನೀರಿಗೆ ಬಿಟ್ಟ ಇಲಿಗೆ ಬೇರೆ ದಾರಿಯಿಲ್ಲ. ಬಲವಂತದ ಈಜಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಕೋಸ್ಟೆರೋನ್ ಏರುತ್ತದೆ, ಅದೇ ಹಿಪೊಕ್ಯಾಂಪಸ್ ಮೇಲೂ ಪ್ರಭಾವ ಬೀರುತ್ತದೆ. ಈಜಿಸದೆ ಬರಿದೆ ನೀರಿಗೆ ಒಡ್ಡಿದ ಇಲಿಗಳ ಹೋಲಿಕೆ ಗುಂಪೊಂದಿಲ್ಲದೆ ವ್ಯಾಯಾಮದ ಪಾಲೆಷ್ಟು, ಒತ್ತಡದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಮೂಲಿಕೆಗಳಲ್ಲಿ ತೊಡಕು ಪ್ರಮಾಣದ್ದು. ಮಣಿಪಾಲದ ಮತ್ತೊಂದು ಅಧ್ಯಯನದಲ್ಲಿ ಎಳೆಯ ಇಲಿಗಳಿಗೆ ಒಂದೆಲಗದ ರಸವನ್ನು ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 6 ಮಿಲಿಲೀಟರ್‌ವರೆಗೆ ವಾರಗಟ್ಟಲೆ ಕುಡಿಸಿದಾಗ ನರಕೋಶಗಳ ಕವಲುಗಳು ಹೆಚ್ಚಿದವು. ಇಲಿಯ ಚಯಾಪಚಯ ಚುರುಕಾದ್ದರಿಂದ ಮನುಷ್ಯರಿಗೆ ಅದನ್ನು ಸುಮಾರು ಆರನೆಯ ಒಂದಕ್ಕೆ ಇಳಿಸಿ ಲೆಕ್ಕ ಹಾಕುವುದು ವಾಡಿಕೆ. ಹಾಗೆ ಇಳಿಸಿದರೂ 60 ಕಿಲೋ ತೂಕದವರಿಗೆ ದಿನಕ್ಕೆ 60 ಮಿಲಿಲೀಟರ್ ಅಪ್ಪಟ ರಸ ಬೇಕು. ಮನೆಮಂದಿಗೆಲ್ಲ ಒಂದು ಹಿಡಿ ಎಲೆ ಹಾಕಿ ಮಾಡುವ ತಂಬುಳಿಯಲ್ಲಿ ಅಷ್ಟಿರುವುದಿಲ್ಲ.