ಒಂದೇ ಆಕಾರ, ಎರಡು ಬಳ್ಳಿ
ಚಿಕ್ಕೋಡಿಯ ನನ್ನ ಬಾಡಿಗೆ ಕೋಣೆಗೆ ಒಂದೇ ಕಿಟಕಿ. ಓದಿ ಬೇಸರವಾದಾಗಲೆಲ್ಲ ಅಲ್ಲಿದ್ದ ಮನಿಪ್ಲಾಂಟಿಗೆ ನೀರು ಹಾಕುತ್ತಿದ್ದೆ. ಹೃದಯದಾಕಾರದ ಎಲೆಗಳು ಹಳದಿಯಾದವು. ಬಾಯಾರಿರಬೇಕೆಂದು ಇನ್ನಷ್ಟು ಸುರಿದೆ! ಅಥಣಿಯಿಂದ ಬಂದ ಅವ್ವ ಕುಂಡದೊಳಗೆ ಬೆರಳಿಟ್ಟು, ‘ಬೇರ ಕೊಳ್ಯಾಕತ್ತಾವು, ನೀರ ಹಾಕೂದು ಬಿಡೋ’ ಎಂದಳು.

ಕೊಳೆಯದ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಟ್ಟೆ. ಬೇರು ಬಂದವು. ಕುಂಡಕ್ಕೆ ನೆಟ್ಟ ಮೇಲೆ, ಮೇಲ್ಮಣ್ಣು ಒಂದಿಂಚು ಒಣಗಿದರಷ್ಟೇ ನೀರು.

ಪಕ್ಕದಲ್ಲೀಗ ಅವ್ವ ತಂದ ವೀಳ್ಯದೆಲೆ ಬಳ್ಳಿ. ಅದಕ್ಕೆ ಮಣ್ಣು ತೇವವಿರಬೇಕು, ನೀರು ನಿಲ್ಲಬಾರದು. ನಮ್ಮ ಕಡೆಯ ಬೇಸಿಗೆ ಬಿಸಿಲು ಎರಡಕ್ಕೂ ಆಗದು. ಎಲೆಯ ಆಕಾರವೂ ಹೆಚ್ಚುಕಡಿಮೆ ಒಂದೇ. ಆದರೆ ಮನಿಪ್ಲಾಂಟಿನ ಎಲೆ ಅಗಿದರೆ ಬಾಯಿ ಉರಿಯುತ್ತದೆ. ಮನೆ ಮಾಲೀಕರ ಮೊಮ್ಮಗಳು ಬಂದಳೆಂದರೆ ಅದನ್ನೆತ್ತಿ ಕಪಾಟಿನ ಮೇಲಿಡುತ್ತೇನೆ.